ಪದ ಗೊತ್ತು, ಓದಲು ಕಷ್ಟ

ಪ್ರಶ್ನೆ: ಪದ ಕಲಿಸುವ ಜಾಲತಾಣಗಳಲ್ಲಿ ಎಸ್ಪೆರಾಂಟೊ, ಜರ್ಮನ್ ಎರಡನ್ನೂ ಕಲಿಯುತ್ತಿದ್ದೇನೆ. ಅಲ್ಲಿ ಉತ್ತರವೆಲ್ಲ ಸರಿಯಾಗುತ್ತದೆ. ಪುಸ್ತಕ ಹಿಡಿದರೆ ತಡವರಿಸುತ್ತೇನೆ. ಏನು ಮಾಡಲಿ?

ಉತ್ತರ: ನಿಮ್ಮ ಶ್ರಮ ವ್ಯರ್ಥವಾಗಿಲ್ಲ, ಅಭ್ಯಾಸದ ಕ್ರಮ ಬದಲಾಗಬೇಕು ಅಷ್ಟೆ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತುವಾಗ ನೀವು ಪದವನ್ನು ಗುರುತಿಸುತ್ತೀರಿ, ನೆನಪಿಸಿಕೊಳ್ಳುವುದಿಲ್ಲ. ಆದ್ದರಿಂದ ಕನ್ನಡ ಅರ್ಥ ನೋಡಿ ಪದವನ್ನು ನೀವೇ ಟೈಪ್ ಮಾಡಿ. ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ತಂತ್ರಾಂಶದಲ್ಲಿ ಸ್ವಂತ ಕಾರ್ಡ್ ಮಾಡಿಕೊಂಡರೆ ಇದು ಸುಲಭ. ಮರೆಯುವ ಹೊತ್ತಿಗೆ ಅದೇ ಪದ ಮತ್ತೆ ಎದುರಾಗುತ್ತದೆ.

ಎರಡು ಭಾಷೆಗೂ ಒಂದೇ ವಿಧಾನ ಹೊಂದುವುದಿಲ್ಲ. 1887ರಲ್ಲಿ ಜಾಮೆನ್‌ಹಾಫ್ ಪ್ರಕಟಿಸಿದ ಎಸ್ಪೆರಾಂಟೊ ಧಾತು, ಪ್ರತ್ಯಯಗಳ ಮೇಲೆ ನಿಂತಿದೆ. ‘ಸಾನಾ’ ಎಂದರೆ ಆರೋಗ್ಯವಂತ, ‘ಮಾಲ್‌ಸಾನಾ’ ಕಾಯಿಲೆ ಬಿದ್ದ, ‘ಮಾಲ್‌ಸಾನೂಲೊ’ ರೋಗಿ, ‘ಮಾಲ್‌ಸಾನುಲೇಯೊ’ ಆಸ್ಪತ್ರೆ. ಇವಕ್ಕೆ ನಾಲ್ಕು ಕಾರ್ಡ್ ಮಾಡಿ ಉರು ಹೊಡೆಯಬೇಡಿ. ‘ಮಾಲ್’, ‘ಉಲ್’, ‘ಎಯ್’ ಕಲಿತು ಉಳಿದದ್ದನ್ನು ನೀವೇ ಕಟ್ಟಿ. ಜರ್ಮನ್‌ನಲ್ಲಾದರೆ ಪ್ರತಿ ನಾಮಪದವನ್ನೂ ಅದರ ಲಿಂಗ ತೋರಿಸುವ ಡೇರ್, ಡೀ, ಡಾಸ್ ಸಹಿತ, ಬಹುವಚನದೊಡನೆ ಕಾರ್ಡಿಗೆ ಹಾಕಿ. ಲಿಂಗ ಬಿಟ್ಟು ಕಲಿತರೆ ಮುಂದೆ ವಾಕ್ಯವೇ ಕೈಕೊಡುತ್ತದೆ.

ದಿನಕ್ಕೆ ಹತ್ತು ಹೊಸ ಪದ ಸಾಕು. ಹಳೆಯದರ ಪುನರಾವರ್ತನೆ ಮೊದಲು ಮುಗಿಸಿ. ಉಳಿದ ಸಮಯ ಓದಿಗಿರಲಿ. ಎಸ್ಪೆರಾಂಟೊಗೆ ಲೆರ್ನು ತಾಣದಲ್ಲಿ ಕಥೆಗಳಿವೆ. ಜರ್ಮನ್‌ಗೆ ಮಕ್ಕಳ ಪುಸ್ತಕ ಹಿಡಿಯಿರಿ. ಓದುವಾಗ ಎಡವಿದ ಪದವನ್ನು ಆ ವಾಕ್ಯದ ಸಮೇತ ಕಾರ್ಡಿಗೆ ಸೇರಿಸಿ. ಹೀಗೆ ಒಂದು ತಿಂಗಳು ನಡೆಸಿ. ತಡವರಿಕೆ ಖಂಡಿತ ಕಡಿಮೆಯಾಗುತ್ತದೆ.