ಪುಟ್ಟ ವಸತಿ ಮನೆ ಚೆನ್ನಾಗಿ ನಡೆಯಲು ಹನ್ನೊಂದು ಸೂತ್ರ

ಹದಿನೆಂಟು ದಾಟಿದ ಮೇಲೆ ವಿಶೇಷ ಶಾಲೆಯ ದಾರಿ ಸಾಮಾನ್ಯವಾಗಿ ಮುಗಿಯುತ್ತದೆ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ಯುವಕ ಯುವತಿಯರ ತಂದೆತಾಯಿಯರನ್ನು ಆಗಿಂದ ಕೊರೆಯುವ ಪ್ರಶ್ನೆ ಒಂದೇ: ನಾವು ಹೋದ ಮೇಲೆ ಇವರಿಗೆ ಯಾರು? ಆರೆಂಟು ಜನ ಒಟ್ಟಿಗಿರುವ ಪುಟ್ಟ ವಸತಿ ಮನೆ ಅದಕ್ಕಿರುವ ಉತ್ತರಗಳಲ್ಲೊಂದು. ನಮಗೆ ಇದು ತೀರಾ ಹೊಸದೂ ಅಲ್ಲ. 1964ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಶುರುವಾದ ಲಾರ್ಶ್ ಸಮುದಾಯ 1970ರಲ್ಲೇ ಬೆಂಗಳೂರಿನಲ್ಲಿ ಆಶಾನಿಕೇತನ ತೆರೆದಿತ್ತು.

ಆದರೆ ಚಿಕ್ಕದೆಂದ ಮಾತ್ರಕ್ಕೆ ಒಳ್ಳೆಯದೆನ್ನಲಾಗದು. ಆರೇ ಜನರಿರುವ ಮನೆಯನ್ನೂ ಜೈಲಿನ ಹಾಗೆ ನಡೆಸಬಹುದು. ಅಲ್ಲಿರುವವರ ದಿನದ ಸಣ್ಣಪುಟ್ಟ ತೀರ್ಮಾನಗಳಲ್ಲಿ ಎಷ್ಟು ಅವರ ಕೈಯಲ್ಲಿವೆ ಎಂದು ನೋಡಿ, ಮನೆಯ ಯೋಗ್ಯತೆ ಗೊತ್ತಾಗುತ್ತದೆ. ಮನೆ ನಡೆಸುವವರಿಗೂ, ಮಗನನ್ನೋ ಮಗಳನ್ನೋ ಸೇರಿಸಲು ಹೊರಟವರಿಗೂ ಈ ಸೂತ್ರಗಳು.

1. ಭಾನುವಾರ ಸಂಜೆ ಹೋಗಿ ನೋಡಿ

ವಾರ್ಷಿಕೋತ್ಸವದ ದಿನ ಎಲ್ಲ ಮನೆಗಳೂ ಚೆಂದವೇ. ಹೇಳದೆ ಕೇಳದೆ ಭಾನುವಾರ ಸಂಜೆ ಆರು ಗಂಟೆಗೆ ಹೋಗಿ. ಎಲ್ಲರೂ ಟೀವಿ ಮುಂದೆ ಸಾಲಾಗಿ ಕೂತಿದ್ದಾರೋ, ಒಬ್ಬರು ಸೊಪ್ಪು ಬಿಡಿಸುತ್ತ ಇನ್ನೊಬ್ಬರು ಗೇಟಿನ ಹತ್ತಿರ ಪಕ್ಕದ ಮನೆಯವರ ಜೊತೆ ಹರಟುತ್ತ ಇದ್ದಾರೋ ನೋಡಿ. ಬಚ್ಚಲಿಗೂ ಒಮ್ಮೆ ಇಣುಕಿ. ಪ್ರತಿಯೊಬ್ಬರ ಬ್ರಷ್ಷು, ಸೋಪು, ಟವೆಲು ಬೇರೆಬೇರೆ ಇದ್ದರೆ ಅರ್ಧ ಪರೀಕ್ಷೆ ಪಾಸು. ಮುನ್ಸೂಚನೆಯಿಲ್ಲದೆ ಬರಬೇಡಿ ಎನ್ನುವ ಮನೆಯಾದರೆ ಅಲ್ಲಿಂದಲೇ ವಾಪಸ್ಸು ಬನ್ನಿ.

2. ದಿನಕ್ಕೆ ಹತ್ತು ಸಲವಾದರೂ ಕೇಳಿ

‘ಅವನಿಗೇನು ಗೊತ್ತಾಗುತ್ತೆ’ ಎನ್ನುವ ಮಾತಿನಷ್ಟು ಕೇಡು ಇನ್ನೊಂದಿಲ್ಲ. ಮಾತು ಬಾರದವರಿಗೂ ಇಷ್ಟಾನಿಷ್ಟ ಇದ್ದೇ ಇರುತ್ತದೆ. ಎರಡು ಅಂಗಿ ಹಿಡಿದು ತೋರಿಸಿ, ಕೈ ಯಾವುದರತ್ತ ಹೋಗುತ್ತದೋ ಅದನ್ನೇ ಹಾಕಿಸಿ. ಬೆಳಿಗ್ಗೆ ಅವಲಕ್ಕಿಯೋ ಉಪ್ಪಿಟ್ಟೋ? ಚಿತ್ರ ತೋರಿಸಿ ಕೇಳಿ. ಮುಖ್ಯವಾದದ್ದು ಮುಂದಿದೆ: ಉತ್ತರಕ್ಕೆ ಕಾಯಬೇಕು. ಕೆಲವರಿಗೆ ಪ್ರಶ್ನೆ ತಲೆಗೆ ಇಳಿದು ಕೈ ಮೇಲೇಳಲು ಅರ್ಧ ನಿಮಿಷವೇ ಬೇಕಾಗುತ್ತದೆ. ಅಷ್ಟರಲ್ಲಿ ನಾವೇ ‘ಉಪ್ಪಿಟ್ಟೇ ತಿನ್ನು’ ಅಂದುಬಿಡುತ್ತೇವೆ.

ಸ್ನಾನದ ಹೊತ್ತಿನಲ್ಲಿ ಇದು ಇನ್ನೂ ಸ್ಪಷ್ಟ. ನೀರು ಹೊಯ್ಯುವ ಮೊದಲು ಒಂದು ಚೊಂಬು ನೀರನ್ನು ಅವರ ಕೈಮೇಲೆ ಬಿಟ್ಟು ಬಿಸಿ ಸಾಕೇ ಎಂದು ಕೇಳುವವರು ಒಳ್ಳೆಯ ಕೇರ್‌ಟೇಕರ್. ಬಾಗಿಲು ತೆರೆದಿಟ್ಟು ಸಾಲಾಗಿ ನಿಲ್ಲಿಸಿ ನೀರೆರಚುವ ಮನೆಯ ಗೋಡೆಯ ಮೇಲೆ ಎಷ್ಟು ಪ್ರಶಸ್ತಿ ಫಲಕ ತೂಗಿದರೂ ಅದು ಕೆಟ್ಟ ಮನೆಯೇ.

3. ನೋಡಿಕೊಳ್ಳುವವರನ್ನು ನೋಡಿಕೊಳ್ಳಿ

ಆಯಾ ಎರಡು ತಿಂಗಳಿಗೊಮ್ಮೆ ಬದಲಾದರೆ ಯಾವ ತರಬೇತಿಯೂ ನಿಲ್ಲುವುದಿಲ್ಲ. ಯಾರಿಗೆ ಸಾರು ನುಣ್ಣಗಿರಬೇಕು, ಯಾರು ಗುಡುಗಿಗೆ ಹೆದರುತ್ತಾರೆ, ಯಾರ ಮುಖ ಬಿಳಿಚಿದರೆ ಫಿಟ್ಸ್ ಬರುವ ಸೂಚನೆ – ಇದೆಲ್ಲ ಆ ಅಕ್ಕನ ತಲೆಯಲ್ಲಿರುತ್ತದೆ. ಅವರು ಕೆಲಸ ಬಿಟ್ಟ ದಿನ ಅದೂ ಹೊರಟುಹೋಗುತ್ತದೆ. ಹಾಗಾಗಿ ಕಟ್ಟಡಕ್ಕೆ ಟೈಲ್ಸ್ ಹಾಕಿಸುವ ಮೊದಲು ಸಂಬಳ ಏರಿಸಿ. ವಾರದ ರಜೆ, ಪಿಎಫ್, ಇಎಸ್ಐ ಕೊಡಿ. ಇಪ್ಪತ್ನಾಲ್ಕು ಗಂಟೆ ಒಬ್ಬರನ್ನೇ ದುಡಿಸಿ ‘ಸೇವಾ ಮನೋಭಾವ ಇಲ್ಲ’ ಎಂದು ದೂರುವ ಟ್ರಸ್ಟಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಲೆಯಲ್ಲಿರುವುದನ್ನು ಒಬ್ಬೊಬ್ಬರಿಗೆ ಒಂದೊಂದು ಪುಟದಂತೆ ಕನ್ನಡದಲ್ಲೇ ಬರೆಸಿಡಿ. ಹೊಸದಾಗಿ ಬಂದವರು ಮೊದಲು ಓದಬೇಕಾದ್ದು ಅದನ್ನೇ.

4. ರಾತ್ರಿ ಒಬ್ಬರು ಎಚ್ಚರವಿರಲಿ

2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಅಸ್ವಸ್ಥರನ್ನು ಇರಿಸಿದ್ದ ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿತ್ತು. 28 ಜನ ಸತ್ತರು. ಸರಪಳಿಯಲ್ಲಿ ಬಿಗಿದಿದ್ದರಿಂದ ಅವರಿಗೆ ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಸರಪಳಿ ಹೋಯಿತು, ಸರಿ. ಹೊರಗಿನಿಂದ ಹಾಕುವ ಬೀಗ? ಮಲಗುವ ಕೋಣೆಗೆ ಹೊರಚಿಲಕ ಬೇಡವೇ ಬೇಡ. ರಾತ್ರಿಪಾಳಿಯವರು ನಿಜಕ್ಕೂ ಎಚ್ಚರವಿರಲಿ. ಹಗಲು ದುಡಿದವರನ್ನೇ ‘ಇಲ್ಲೇ ಮಲಗಿರಿ’ ಎಂದರೆ ಅದು ಪಾಳಿಯಲ್ಲ. ಬೆಂಕಿ ಬಿದ್ದರೆ ಹೊರಗೆ ಓಡುವ ಅಭ್ಯಾಸವನ್ನು ಕತ್ತಲಾದ ಮೇಲೂ ಮಾಡಿಸಿ. ವೀಲ್‌ಚೇರಿನವರಿಗೆ ಕೆಳಮಹಡಿಯ ಕೋಣೆಯನ್ನೇ ಕೊಡಿ.

5. ಮಾತ್ರೆಗೆ ಲೆಕ್ಕ ಇಡಿ

ಯಾರಿಗೆ, ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಕೊಟ್ಟವರ ಸಹಿ. ಫಿಟ್ಸ್ ಮಾತ್ರೆ ಮುಗಿಯಲು ವಾರವಿರುವಾಗಲೇ ಹೊಸ ಸ್ಟ್ರಿಪ್ ತರಿಸಿ. ಅದು ಥಟ್ಟನೆ ನಿಂತರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ‘ಗಲಾಟೆ ಮಾಡ್ತಾನೆ, ಏನಾದರೂ ಕೊಡಿ ಡಾಕ್ಟ್ರೇ’ ಎಂದು ಶುರುವಾದ ಮಾತ್ರೆಗಳಿರುತ್ತವಲ್ಲ, ಅವು ಇನ್ನೂ ಬೇಕೇ ಎಂದು ಆರು ತಿಂಗಳಿಗೊಮ್ಮೆ ವೈದ್ಯರನ್ನು ಕೇಳಿ. ಹಗಲೆಲ್ಲ ತೂಕಡಿಸುವ ಯುವಕರಿಂದ ತುಂಬಿದ ಮನೆಯನ್ನು ಶಾಂತವಾದ ಮನೆ ಎಂದುಕೊಳ್ಳಬೇಡಿ.

6. ರಂಪಾಟದ ಹಿಂದೆ ನೋವಿದೆಯೇ ನೋಡಿ

ನಿನ್ನೆವರೆಗೆ ಸುಮ್ಮನಿದ್ದವರು ಇವತ್ತು ತಲೆ ಚಚ್ಚಿಕೊಳ್ಳುತ್ತಿದ್ದರೆ ಗದರುವ ಮೊದಲು ಹಲ್ಲು, ಕಿವಿ, ಹೊಟ್ಟೆ ಪರೀಕ್ಷಿಸಿ. ಮಾತು ಬಾರದವರಿಗೆ ಹಲ್ಲುನೋವನ್ನು ಹೇಳಲು ಬೇರೆ ದಾರಿಯಿಲ್ಲ. ಮಲಬದ್ಧತೆಯಂತೂ ಇಂಥ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳದ ಕಾಯಿಲೆ. ಓಡಾಟ ಕಮ್ಮಿ, ನೀರು ಕುಡಿಯುವುದು ಕಮ್ಮಿ, ಮನೋರೋಗದ ಕೆಲವು ಔಷಧಗಳ ಅಡ್ಡಪರಿಣಾಮವೂ ಅದೇ. ಯಾರು ಎಷ್ಟು ದಿನದಿಂದ ಶೌಚಕ್ಕೆ ಹೋಗಿಲ್ಲ ಎಂಬ ಲೆಕ್ಕ ಇಡಲು ನಾಚಿಕೆಪಡಬೇಡಿ, ನಿರ್ಲಕ್ಷಿಸಿದರೆ ಕರುಳು ಕಟ್ಟಿ ಪ್ರಾಣಕ್ಕೇ ಬರುತ್ತದೆ. ಡೌನ್ ಸಿಂಡ್ರೋಮ್ ಇರುವವರಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ತಪ್ಪಿಸಬೇಡಿ. ಮಂಕಾದರು, ದಪ್ಪಗಾದರು, ‘ಅವರು ಇರುವುದೇ ಹಾಗೆ’ ಎಂದುಕೊಂಡದ್ದು ಎಷ್ಟೋ ಸಲ ಥೈರಾಯ್ಡ್ ಆಗಿರುತ್ತದೆ.

7. ಫಿಟ್ಸ್ ಬಂದರೆ

ಗಡಿಯಾರ ನೋಡಿ. ಪಕ್ಕಕ್ಕೆ ಹೊರಳಿಸಿ, ತಲೆಯಡಿ ಮೆತ್ತಗಿನದ್ದೇನಾದರೂ ಇಡಿ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ, ಕೈಗೆ ಬೀಗದ ಕೈ ಹಿಡಿಸುವ ಹಳೆಯ ಪದ್ಧತಿಯನ್ನು ಬಿಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಅಡುಗೆಯವರು, ವಾಚ್‌ಮನ್ ಸೇರಿ ಎಲ್ಲರಿಗೂ ಇದು ಬಾಯಿಪಾಠವಾಗಿರಲಿ.

8. ವಯಸ್ಸಿಗೆ ಬಂದವರು ಎಂಬುದು ನೆನಪಿರಲಿ

ಇಪ್ಪತ್ನಾಲ್ಕರ ಯುವಕನಿಗೆ ಕಾರ್ಟೂನ್ ಅಂಗಿ ಏಕೆ? ಗಡ್ಡ ಬೋಳಿಸಿಕೊಳ್ಳಲು ಕಲಿಸಿ, ತನ್ನ ಕಪಾಟಿನ ಬೀಗದ ಕೈ ಅವನ ಬಳಿಯೇ ಇರಲಿ. ಯುವತಿಯರಿಗೆ ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲಿಸುವುದನ್ನು ತಾಳ್ಮೆಯಿಂದ ಕಲಿಸಿದರೆ ಬಹಳ ಮಂದಿ ಕಲಿಯುತ್ತಾರೆ. ಈ ತಾಳ್ಮೆ ಇಲ್ಲದ್ದರ ಫಲವನ್ನು ದೇಶ 1994ರಲ್ಲಿ ಕಂಡಿತು. ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿ ಶಾಲೆಯಲ್ಲಿದ್ದ ಹೆಣ್ಣುಮಕ್ಕಳನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆದೊಯ್ದು ಗರ್ಭಕೋಶ ತೆಗೆಸಲಾಯಿತು. ಮುಟ್ಟಿನ ಸ್ವಚ್ಛತೆ ನೋಡಿಕೊಳ್ಳುವುದು ಕಷ್ಟ ಎಂಬುದು ಕೊಟ್ಟ ಕಾರಣ. ಇವತ್ತು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಸಂತಾನಶಕ್ತಿ ಕಳೆಯುವ ಯಾವ ಚಿಕಿತ್ಸೆಗೂ ಆ ವ್ಯಕ್ತಿ ತಿಳಿದು ಕೊಟ್ಟ ಒಪ್ಪಿಗೆಯೇ ಬೇಕು. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ, ‘ಬೇಡ’ ಎನ್ನುವ ಸನ್ನೆ ಎಲ್ಲರಿಗೂ ಕಲಿಸಿ. ಊಟ ಬೇಡ ಎಂದಾಗ ಒಪ್ಪದ ಮನೆಯಲ್ಲಿ ಆ ‘ಬೇಡ’ ಕಲಿಯುವುದು ಕಷ್ಟ.

9. ಗೇಟಿನಾಚೆಗೂ ಬದುಕಿರಲಿ

ಸಂತೆ, ಕಟಿಂಗ್ ಶಾಪು, ಸಿಟಿ ಬಸ್ಸು. ದುಡಿಸಿಕೊಂಡರೆ ಕೂಲಿ ಕೊಡಿ, ಆ ದುಡ್ಡನ್ನು ಅವರೇ ಖರ್ಚು ಮಾಡಲಿ. ಪಿಂಚಣಿ ಹಣ ಅವರ ಹೆಸರಿನ ಖಾತೆಗೇ ಬಂದು, ಪಾಸ್‌ಬುಕ್ ಮನೆಯವರಿಗೆ ಯಾವಾಗ ಕೇಳಿದರೂ ಸಿಗಲಿ.

10. ದೊಡ್ಡ ಹೆಸರಿಗೆ ಮರುಳಾಗಬೇಡಿ

ಮೇಲೆ ಹೇಳಿದ ಲಾರ್ಶ್‌ನ ಸಂಸ್ಥಾಪಕ ಜಾನ್ ವಾನಿಯೇ ಬದುಕಿರುವಾಗ ಜಗತ್ತು ಅವರನ್ನು ಸಂತನೆಂದೇ ಕೊಂಡಾಡಿತ್ತು. ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಆ ಸಂಸ್ಥೆಯೇ ಹೊರಗಿನವರಿಂದ ತನಿಖೆ ಮಾಡಿಸಿ ಅವರು ಕೆಲವು ಮಹಿಳೆಯರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದರೆಂದು ಪ್ರಕಟಿಸಿತು. ಆ ಮಹಿಳೆಯರು ಅಂಗವಿಕಲರಾಗಿರಲಿಲ್ಲ. ಬಾಯಿಬಿಟ್ಟು ಹೇಳಬಲ್ಲವರ ದೂರೇ ಹೊರಬರಲು ಅಷ್ಟು ಕಾಲ ಹಿಡಿಯಿತು ಎಂದರೆ, ಮಾತು ಬಾರದವರ ಗತಿ ಯೋಚಿಸಿ. ಆದ್ದರಿಂದ ದೂರು ಕೇಳಲು ಹೊರಗಿನವರೊಬ್ಬರು ಇರಬೇಕು, ಟ್ರಸ್ಟಿಗಳ ನೆಂಟರಲ್ಲ. 2016ರ ಕಾಯ್ದೆಯಡಿ ಹಲ್ಲೆ, ಅವಮಾನ, ಬೇಕೆಂದೇ ಊಟ ಕೊಡದಿರುವುದಕ್ಕೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡವಿದೆ. ಇದನ್ನು ಸಿಬ್ಬಂದಿಗೆ ಮೊದಲ ದಿನವೇ ತಿಳಿಸಿ. ನೋಂದಣಿ ಮಾಡಿಸದೆ ಮನೆ ನಡೆಸುವುದಕ್ಕೂ ಅದೇ ಕಾಯ್ದೆಯಲ್ಲಿ ಅವಕಾಶವಿಲ್ಲ.

11. ಕಾಗದಪತ್ರ ಈಗಲೇ ಸರಿಮಾಡಿ

ಮಗನಿಗೆ ಹದಿನೆಂಟು ತುಂಬಿದ ದಿನ ಕಾನೂನಿನ ಕಣ್ಣಲ್ಲಿ ತಂದೆತಾಯಿ ಸಹಜ ಪೋಷಕರಾಗಿ ಉಳಿಯುವುದಿಲ್ಲ ಎಂಬುದು ಎಷ್ಟೋ ಜನರಿಗೆ ಬ್ಯಾಂಕಿನ ಕೌಂಟರಿನಲ್ಲೇ ತಿಳಿಯುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಜಿಲ್ಲಾಧಿಕಾರಿ ಅದರಲ್ಲಿರುತ್ತಾರೆ. ಅದೇ ನ್ಯಾಸದ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ನೀವು ಗಟ್ಟಿಯಾಗಿರುವಾಗಲೇ, ನಿಮ್ಮ ನಂತರ ಯಾರು ಎಂಬುದನ್ನು ಅವನ ಅಣ್ಣನನ್ನೋ ತಂಗಿಯನ್ನೋ ಎದುರು ಕೂರಿಸಿಕೊಂಡು ಮಾತಾಡಿ, ವಸತಿ ಮನೆಯಲ್ಲಿರುವ ಮಗನನ್ನೂ ಆ ಮಾತಿಗೆ ಸೇರಿಸಿಕೊಳ್ಳಿ. ಪೋಷಕರ ನೇಮಕಕ್ಕೆ ಅರ್ಜಿ ಇನ್ನೂ ಹಾಕಿಲ್ಲವಾದರೆ ಈ ವಾರವೇ ಹಾಕಿ.