ತೊಗರಿಯ ನೆಟೆ ರೋಗದ ಮೂಲವನ್ನು ಗುರುತಿಸುವ ಕ್ರಮ

ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ತಾಲ್ಲೂಕುಗಳಲ್ಲಿಯೂ ವಾಡಿಯ ಸುತ್ತಣ ಹಳ್ಳಿಗಳಲ್ಲಿಯೂ ತೊಗರಿಯು ಸಾಗುವಳಿದಾರರ ಮುಖ್ಯ ಆಧಾರವಾಗಿದೆ. ಕಾಯಿ ಕಟ್ಟುವ ಕಾಲಕ್ಕೆ ಪೈರು ನಿಂತಲ್ಲಿಯೇ ಒಣಗಿದರೆ ವರ್ಷದ ದುಡಿಮೆಯು ವ್ಯರ್ಥವಾಗುವುದು. 2022ನೆಯ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ಬಹಳಷ್ಟು ತೊಗರಿಯು ಹೀಗೆಯೇ ಹಾಳಾಯಿತು. ರೈತರು ಇದನ್ನು ನೆಟೆ ರೋಗವೆಂಬ ಒಂದೇ ಹೆಸರಿನಿಂದ ಕರೆಯುವರಾದರೂ ಕಾರಣವು ಒಂದೇ ಅಲ್ಲ.

ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರವು ಕಾಂಡದ ನೀರ್ನಾಳಗಳನ್ನು ಕಟ್ಟುವುದು. ಅದಕ್ಕೆ ನಿರೋಧಕ ತಳಿಯೂ ಜೋಳದೊಡನೆ ಬೆಳೆ ಬದಲಾವಣೆಯೂ ಉಪಾಯ. ಮ್ಯಾಕ್ರೊಫೊಮಿನಾ ಎಂಬುದು ಭೂಮಿಯ ತೇವ ಆರಿ ಬಿಸಿಲೇರಿದಾಗ ಬೇರನ್ನು ಕೊಳೆಸುವುದು. ಫೈಟಾಫ್ತೊರಾ ಎಂಬುದು ನೀರು ನಿಲ್ಲುವ ತಗ್ಗಿನಲ್ಲಿ ಹಬ್ಬುವುದು. ಅದಕ್ಕೆ ಬಸಿಗಾಲುವೆಯೇ ಮೊದಲ ಮದ್ದು. ಒಂದಕ್ಕೆ ತಡೆಯುವ ತಳಿಯು ಮತ್ತೊಂದಕ್ಕೆ ತಡೆಯಬೇಕೆಂಬ ನಿಯಮವಿಲ್ಲ. ಆದಕಾರಣ ಶತ್ರುವಿನ ಗುರುತು ಮೊದಲು ಸಿಕ್ಕತಕ್ಕದ್ದು.

ಜೀವಿಗಳ ಡಿ.ಎನ್.ಎ. ಎಂಬುದು ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಿಂದ ಗುರುತಿಸಲ್ಪಡುವ ಉದ್ದವಾದ ಮಾಲೆ. ರೋಗಿ ಬೇರಿನಿಂದ ಬೆಳೆಸಿದ ಶಿಲೀಂಧ್ರದ ಮಾಲೆಯಲ್ಲಿ ಸುಮಾರು ಐದಾರು ನೂರು ಅಕ್ಷರಗಳ ಒಂದು ಭಾಗವನ್ನು ಪ್ರಯೋಗಶಾಲೆಯವರು ಓದುವರು. ಬಳಿಕ ಅದನ್ನು ಅಮೆರಿಕದ ರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಮಾಹಿತಿ ಕೇಂದ್ರವು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವ ಬ್ಲಾಸ್ಟ್ ಎಂಬ ಸಾಧನಕ್ಕೆ ಕೊಡುವರು. 1990ರಲ್ಲಿ ಪ್ರಕಟವಾದ ಈ ವಿಧಾನವು ಜೀನ್‌ಬ್ಯಾಂಕಿನ ದಫ್ತರದಲ್ಲಿ ಸಮಾನ ಮಾಲೆಗಳನ್ನು ಹುಡುಕುವುದು. ಹಳೆಯ ಖರೀದಿ ಪತ್ರವನ್ನು ಹುಡುಕುವ ಜಾಣ ಗುಮಾಸ್ತನು ಎಲ್ಲ ಪುಸ್ತಕಗಳನ್ನೂ ಮೊದಲಿನಿಂದ ಓದದೆ ಸರ್ವೆ ನಂಬರೊಂದನ್ನು ಹಿಡಿದು, ಅದು ಸಿಕ್ಕಲ್ಲಿ ಹಿಂದುಮುಂದಿನ ಸಾಲುಗಳನ್ನು ತಾಳೆ ನೋಡುವಂತೆಯೇ, ಈ ಸಾಧನವೂ ಹನ್ನೊಂದು ಅಕ್ಷರಗಳಷ್ಟು ಚಿಕ್ಕ ತುಣುಕು ಕೂಡಿದಲ್ಲಿ ಎರಡು ಕಡೆಗೂ ಹೋಲಿಕೆಯನ್ನು ಬೆಳೆಸುತ್ತ ಹೋಗುವುದು.

ಉತ್ತರದಲ್ಲಿ ಮೂರು ಅಂಶಗಳನ್ನು ಒಟ್ಟಾಗಿ ನೋಡತಕ್ಕದ್ದು: ನೂರಕ್ಕೆ ಎಷ್ಟು ಅಕ್ಷರ ಕೂಡಿತು, ಕೊಟ್ಟ ಮಾಲೆಯ ಎಷ್ಟು ಭಾಗಕ್ಕೆ ಹೋಲಿಕೆ ದೊರೆಯಿತು, ಅಂಥ ಹೋಲಿಕೆಗಳು ಕೇವಲ ಆಕಸ್ಮಿಕವಾಗಿ ಎಷ್ಟು ಸಿಕ್ಕಬಹುದಾಗಿತ್ತು. ಈ ಕೊನೆಯ ಸಂಖ್ಯೆಯು ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಐನೂರು ಅಕ್ಷರಗಳಲ್ಲಿ ಅರವತ್ತು ಮಾತ್ರ ಪೂರ್ಣವಾಗಿ ಕೂಡಿದರೆ ಅದನ್ನು ನಂಬಲಾಗದು.

ಇಷ್ಟರಿಂದಲೇ ತೀರ್ಪು ಮುಗಿಯುವುದಿಲ್ಲ. ದಫ್ತರದಲ್ಲಿರುವ ಹೆಸರು ಮಾಲೆಯನ್ನು ಸಲ್ಲಿಸಿದವರು ಕೊಟ್ಟದ್ದು. ಅದರಲ್ಲಿ ತಪ್ಪೂ ಇರಬಹುದು. ಫ್ಯುಸೇರಿಯಂ ಜಾತಿಗಳಲ್ಲಿ ಈ ಭಾಗವು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಮತ್ತೊಂದು ಜೀನನ್ನೂ ಓದಬೇಕಾಗುವುದು. ಸತ್ತ ಬೇರಿನಲ್ಲಿ ಆಮೇಲೆ ಬಂದು ಸೇರಿದ ನಿರಪರಾಧಿ ಶಿಲೀಂಧ್ರವೂ ಇರುವುದುಂಟು. ಆದ್ದರಿಂದ ದೊರೆತ ಶಿಲೀಂಧ್ರವನ್ನು ಆರೋಗ್ಯವಾದ ಸಸಿಗೆ ತಗುಲಿಸಿ ಅದೇ ರೋಗ ಬರುವುದೇ ಎಂದು ಪರೀಕ್ಷಿಸುವರು.

ಯಂತ್ರವು ತನಗೆ ಕೊಟ್ಟುದನ್ನು ಮಾತ್ರ ಹೋಲಿಸಬಲ್ಲುದು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಪೂರ್ತಿ ಒಣಗಿದ ಗಿಡವನ್ನು ಬಿಟ್ಟು, ಈಗತಾನೆ ಬಾಡುತ್ತಿರುವ ನಾಲ್ಕಾರು ಗಿಡಗಳನ್ನು ಬೇರು ಹರಿಯದಂತೆ ಅಗೆದು ಕಾಗದದಲ್ಲಿ ಸುತ್ತಿ, ತಳಿ, ಮಣ್ಣು, ಬಿತ್ತಿದ ದಿನ, ನೀರು ನಿಂತಿತ್ತೇ ಎಂಬ ವಿವರಗಳನ್ನು ಬರೆದು, ತಡಮಾಡದೆ ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳುಹಿಸತಕ್ಕದ್ದು. ಮುಂದಿನ ವರ್ಷ ಯಾವ ಬೀಜ ಕೊಳ್ಳಬೇಕು, ಎಲ್ಲಿ ಕಾಲುವೆ ತೆಗೆಯಬೇಕು ಎಂಬುದು ಆ ಗಿಡಗಳಿಂದಲೇ ತಿಳಿಯಬೇಕಾಗಿದೆ.