ಸಿಂಗರ್ ಪಿಸ್ತೂಲಿಗೆ ಮುಂಗಡ ಕೊಡುವ ಮುನ್ನ

ಅಲ್ಲಪ್ಪಾ, ಗನ್ ಶೋನಲ್ಲಿ ಸಿಂಗರ್ ಪಿಸ್ತೂಲು ಸಿಕ್ಕಿದೆ, ಮುಂಗಡ ಕೊಟ್ಟುಬಿಡಲಾ ಮಾವ ಅಂತ ಕೇಳಿದೆಯಲ್ಲ, ಸ್ವಲ್ಪ ತಡಿ. ಕೊಳ್ಳಲೇಬೇಡ ಅನ್ನುತ್ತಿಲ್ಲ. ಅಮೆರಿಕದಲ್ಲಿ ಇಷ್ಟು ವರ್ಷ ದುಡಿದು ಒಂದು ಹುಚ್ಚು ಹಚ್ಚಿಕೊಂಡಿದ್ದೀಯ, ಇರಲಿ. ಆದರೆ ಆ ವಸ್ತು ಏನು ಅಂತ ಮೊದಲು ಸರಿಯಾಗಿ ತಿಳಿದುಕೋ.

ನಮ್ಮ ಕಡೆ ಸಿಂಗರ್ ಅಂದರೆ ಹೊಲಿಗೆ ಮಿಷನ್ನು, ಅಷ್ಟೇ. ಅದೇ ಕಂಪನಿಗೆ 1940ರಲ್ಲಿ ಅಮೆರಿಕ ಸರ್ಕಾರ ಒಂದು ಕಲಿಕೆಯ ಆರ್ಡರು ಕೊಟ್ಟಿತು: ಯುದ್ಧ ಬಂದರೆ ನೀವು ಸೈನ್ಯದ .45 ಪಿಸ್ತೂಲು ಮಾಡಬಲ್ಲಿರಾ, 500 ಮಾಡಿ ತೋರಿಸಿ. ನ್ಯೂಜೆರ್ಸಿಯ ಎಲಿಜಬೆತ್ ಊರಿನ ಕಾರ್ಖಾನೆಯವರು ಮಾಡಿ ತೋರಿಸಿದರು, ಅದೂ ಬಲು ಅಚ್ಚುಕಟ್ಟಾಗಿ. ಇಷ್ಟು ನುರಿತ ಕೈಗಳನ್ನು ಪಿಸ್ತೂಲಿಗೆ ಹಾಕುವುದು ದಂಡ ಅಂತ ಸೈನ್ಯಕ್ಕೆ ಅನ್ನಿಸಿತು. ವಿಮಾನ ಹೊಡೆಯುವ ತೋಪುಗಳಿಗೆ ಗುರಿ ಲೆಕ್ಕ ಹಾಕಿಕೊಡುವ ಯಂತ್ರಗಳ ಕೆಲಸ ಸಿಂಗರ್‌ಗೆ ಬಂತು. ಪಿಸ್ತೂಲಿನ ಟೂಲಿಂಗ್ ಬೇರೆ ಕಂಪನಿಗಳ ಪಾಲಾಯಿತು; ಅವರಲ್ಲಿ ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್ ಒಬ್ಬರು. ಹೀಗಾಗಿ ಸಿಂಗರ್ ಪಿಸ್ತೂಲುಗಳ ನಂಬರು ಎಸ್800001ರಿಂದ ಎಸ್800500, ಅಲ್ಲಿಗೆ ಮುಗಿಯಿತು. ಮೊದಲ ನಂಬರಿನದು 2017ರ ಹರಾಜಿನಲ್ಲಿ ನಾಲ್ಕು ಲಕ್ಷ ಡಾಲರ್ ದಾಟಿತು. ಅದೇ ಕಾಲದ, ಅದೇ ನಕ್ಷೆಯ ಸಾಮಾನ್ಯ ಪಿಸ್ತೂಲು ಕೆಲವೇ ಸಾವಿರಕ್ಕೆ ಸಿಗುತ್ತದೆ. ಎರಡರ ನಡುವಿನ ಆ ವ್ಯತ್ಯಾಸವೇ ನಕಲಿ ಮಾಡುವವನ ಕೂಲಿ ಅಂತ ತಿಳಿ.

ಮೊದಲು ಸ್ಲೈಡಿನ ಎಡಮಗ್ಗುಲು ನೋಡು. ಅಸಲಿಯಲ್ಲಿ ‘ಎಸ್. ಎಂಎಫ್‌ಜಿ. ಕೋ.’, ಅದರ ಕೆಳಗೆ ಎಲಿಜಬೆತ್, ಎನ್.ಜೆ., ಯು.ಎಸ್.ಎ. ಅಂತ ಇರುತ್ತದೆ. ಹೊಲಿಗೆ ಮಿಷನ್ನಿನ ಮೇಲಿನ ಹಾಗೆ ಪೂರ್ತಿ ಹೆಸರು ಝಗಮಗ ಅಂದರೆ ಅಲ್ಲಿಂದಲೇ ಎದ್ದು ಬಾ. ಫ್ರೇಮಿನ ಎಡಕ್ಕೆ ಜೆ.ಕೆ.ಸಿ. ಅನ್ನುವ ಮೂರಕ್ಷರ ಇರಬೇಕು. ಸೈನ್ಯದ ಪರವಾಗಿ ತಪಾಸಣೆ ಮಾಡಿದ ಜಾನ್ ಕೆ. ಕ್ಲೆಮೆಂಟ್ ಅವರ ಗುರುತು ಅದು. ಬಣ್ಣ ನೀಲಿಗಪ್ಪು. ಯುದ್ಧ ಬಿಸಿಯಾದ ಮೇಲೆ ಬಂದ ಪಿಸ್ತೂಲುಗಳ ಬೂದು ಪಾರ್ಕರೈಸಿಂಗ್ ಲೇಪ ಇದಕ್ಕಿರಲಿಲ್ಲ.

ಆದರೆ ಬೂದು ಬಣ್ಣ ಕಂಡ ಕೂಡಲೇ ಮಾರುವವನು ಕಳ್ಳ ಅಂದುಬಿಡಬೇಡ. ಸೈನ್ಯದ ದುರಸ್ತಿ ಡಿಪೋಗಳಲ್ಲಿ ಪಿಸ್ತೂಲುಗಳನ್ನು ಬಿಚ್ಚಿ, ಬಿಡಿಭಾಗಗಳನ್ನೆಲ್ಲ ಒಂದೇ ಕಡೆ ಸುರಿದು, ಕೈಗೆ ಸಿಕ್ಕಿದ್ದನ್ನು ಜೋಡಿಸಿ, ಹೊಸ ಲೇಪ ಕೊಟ್ಟು ಕಳಿಸುತ್ತಿದ್ದರು. ಸಿಂಗರ್ ಸ್ಲೈಡು ಬೇರೆ ಕಂಪನಿಯ ಫ್ರೇಮಿನ ಮೇಲೆ ಕೂತಿರುವುದು ಹೀಗೆ. ಅದರಲ್ಲಿ ಮೋಸವಿಲ್ಲ, ಆದರೆ ಬೆಲೆ ಬೇರೆ, ಬಹಳ ಬೇರೆ. ಮಾರುವವನು ಅದನ್ನು ‘ಸಿಂಗರ್’ ಅಂದಾಗ ಯಾವ ಭಾಗ ಸಿಂಗರ್ ಅಂತ ಕೇಳು. ಸ್ಲೈಡಾ, ಫ್ರೇಮಾ, ಎರಡೂನಾ? ಉತ್ತರ ಬರವಣಿಗೆಯಲ್ಲೇ ಬರಲಿ.

ಇನ್ನು ಅಕ್ಷರಗಳ ವಿಷಯ. ಜೀವಮಾನವೆಲ್ಲ ಡೈ, ಪಂಚುಗಳ ಜೊತೆ ಕಳೆದವನು ನಾನು, ಇಲ್ಲಿ ಸ್ವಲ್ಪ ಜಾಸ್ತಿ ಕೊರೆದರೆ ಸಹಿಸಿಕೋ. ಆ ಕಾಲದಲ್ಲಿ ಸ್ಲೈಡಿನ ಬರಹವನ್ನು ಡೈ ಉರುಳಿಸಿ ಒತ್ತುತ್ತಿದ್ದರು. ಚಪಾತಿ ಹಿಟ್ಟಿಗೆ ಬೆರಳೊತ್ತಿದರೆ ಪಕ್ಕ ಉಬ್ಬುತ್ತದಲ್ಲ, ಹಾಗೆ ಲೋಹವೂ ಅಂಚಿಗೆ ಸರಿಯುತ್ತದೆ. ಪಾಲಿಶಿನಲ್ಲಿ ಆ ಉಬ್ಬು ಹೋಗಬಹುದು, ಅಕ್ಷರದ ಒಳಗಿನ ಆಕಾರ ಹೋಗದು. ಈಗಿನ ಯಂತ್ರದಲ್ಲಿ ಕೊರೆದ ಅಕ್ಷರ ಒತ್ತಿದ್ದಲ್ಲ, ಕೆರೆದದ್ದು. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಓರೆ ಬೆಳಕಿನಲ್ಲಿ ನೋಡಿದರೆ ಅದರ ತಳದಲ್ಲಿ ಕಟರ್ ಓಡಾಡಿದ ಗೀರು ಕಾಣುತ್ತದೆ. ಇನ್ನೊಂದು: ತುಕ್ಕು ತಿಂದ ಸಣ್ಣ ಗುಳಿಗಳ ಒಳಗೂ ನೀಲಿ ಬಣ್ಣ ಇದ್ದರೆ, ತುಕ್ಕಿನ ನಂತರ ಯಾರೋ ಬಣ್ಣ ಹಚ್ಚಿದ್ದಾರೆ. ಅಂಚುಗಳೆಲ್ಲ ಸವೆದಿದ್ದು ಅಕ್ಷರ ಮಾತ್ರ ಹೊಸದಾಗಿ ಚೂಪಾಗಿದ್ದರೂ ಅನುಮಾನಪಡು.

ಕಾಗದಪತ್ರ ಇದೆ ಅಂತ ಅವನು ಹೇಳಿಯೇ ಹೇಳುತ್ತಾನೆ. ‘ನಮ್ಮ ತಾತ ವಾಯುಪಡೆಯಲ್ಲಿದ್ದರು’ ಅನ್ನುವ ಕಥೆಯೂ ಬರಬಹುದು, ಸುಳ್ಳೇ ಇರಬೇಕು ಅಂತಿಲ್ಲ. ಒಂದನ್ನು ಮಾತ್ರ ಮರೆಯಬೇಡ: ಹಳೆಯ ದಾಖಲೆ ಯಾವುದೇ ಇರಲಿ, ಅದು ನಂಬರಿನ ಬಗ್ಗೆ ಹೇಳುತ್ತದೆಯೇ ಹೊರತು ನಿನ್ನ ಕೈಯಲ್ಲಿರುವ ಕಬ್ಬಿಣದ ಬಗ್ಗೆ ಅಲ್ಲ. ಇಂಥ ನಂಬರು ಇತ್ತು ಅನ್ನುವುದು ನಿಜವಾದಷ್ಟೂ ನಕಲಿ ಮಾಡುವವನಿಗೇ ಅನುಕೂಲ. ಅದಕ್ಕೇ ಹಳೆಯ ಹರಾಜು ಕ್ಯಾಟಲಾಗುಗಳನ್ನು ತಿರುವಿಹಾಕು. ಅದೇ ನಂಬರಿನ ಪಿಸ್ತೂಲಿನ ಹಿಂದಿನ ಫೋಟೋ ಸಿಕ್ಕರೆ ಅದೃಷ್ಟ. ಅಲ್ಲಿನ ಗೀರಿಗೆ ಇಲ್ಲಿನ ಗೀರು ಹೋಲಿಸು. ಬಣ್ಣ ಇನ್ನಷ್ಟು ಸವೆಯಬಹುದು, ಇದ್ದ ಗುಳಿ ತಾನಾಗಿ ಮಾಯವಾಗುವುದಿಲ್ಲ.

ನಂಬರು ಅಳಿಸಿ ತಿದ್ದಿದ ಸುಳಿವು ಸಿಕ್ಕರೆ ಚೌಕಾಸಿಗೆ ಇಳಿಯಲೇಬೇಡ. ಹಾಗೆ ತಿದ್ದಿದ ಬಂದೂಕನ್ನು ಗೊತ್ತಿದ್ದೂ ಇಟ್ಟುಕೊಳ್ಳುವುದೇ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಹಣ ಹೋದರೆ ಹೋಗಲಿ ಅನ್ನಬಹುದು, ಇದು ನಿನ್ನನ್ನೇ ಕರೆದುಕೊಂಡು ಹೋಗುತ್ತದೆ. ಮಾರುವವನು ಬೇರೆ ರಾಜ್ಯದವನಾದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಪಿಸ್ತೂಲು ನಿನ್ನ ಕೈಗೆ ಬರಬೇಕು. ಮುಂದೆ ಯಾವತ್ತೋ ಬೆಂಗಳೂರಿಗೆ ತಂದು ಶೋಕೇಸಿನಲ್ಲಿಡುವ ಆಸೆ ಇದ್ದರೆ ಈಗಲೇ ಬಿಡು, ಇಲ್ಲಿ 1959ರ ಆರ್ಮ್ಸ್ ಆ್ಯಕ್ಟ್ ಇದೆ. ಅಕ್ಕನಿಗೆ ಆ ತಲೆನೋವು ಬೇಡ.

ಪರಿಣತರಿಗೆ ತೋರಿಸುವಾಗ ಮಾರುವವನೇ ಹೆಸರು ಹೇಳಿದವರ ಹತ್ತಿರ ಹೋಗಬೇಡ. ನೀನೇ ಹುಡುಕು, ಫೀ ನೀನೇ ಕೊಡು. ಕೈಗೆ ಬಂದ ಮೇಲೆ ಪರೀಕ್ಷಿಸಿ ವಾಪಸ್ ಮಾಡಲು ಮೂರು ದಿನವಾದರೂ ಅವಕಾಶ ಬೇಕು ಅಂತ ಬರೆಸಿಕೋ. ಸಾಚಾ ವ್ಯಾಪಾರಿಗಳು ಇದಕ್ಕೆ ಒಪ್ಪುವುದು ಅಲ್ಲಿ ರೂಢಿಯೇ. ಸಂಜೆಯೊಳಗೆ ಇನ್ನೊಬ್ಬರು ಬರುತ್ತಾರೆ, ಬೇಗ ಹೇಳಿ ಅಂತ ಅವಸರಪಡಿಸಿದರೆ, ಅವರಿಗೇ ಕೊಡಿ ಸ್ವಾಮಿ ಅಂದುಬಿಡು.

ಈಗ ನೀನು ಕಳಿಸಿರುವ ಮೂರೂ ಫೋಟೋ ದೂರದಿಂದ ತೆಗೆದವು, ಅದರಲ್ಲೊಂದರಲ್ಲಿ ಅವನ ಹೆಬ್ಬೆರಳೇ ಜೆ.ಕೆ.ಸಿ. ಇರಬೇಕಾದ ಜಾಗ ಮುಚ್ಚಿದೆ. ಪಿಸ್ತೂಲು ಬಿಚ್ಚಿಸಿ, ಸ್ಲೈಡಿನ ಕೆಳಮೈ, ಬ್ಯಾರೆಲ್ಲು, ಫ್ರೇಮಿನ ಎರಡೂ ಮಗ್ಗುಲು, ಎಲ್ಲ ಹತ್ತಿರದಿಂದ ತೆಗೆಸಿ ಕಳಿಸು.